ಕೊಟ್ಟಿಗೆ, ತೋಟ, ಬೈಕು: ದಾವಣಗೆರೆ–ಚಿತ್ರದುರ್ಗ ಸೀಮೆಗೆ ಹೊಂದುವ ಬೂಟು ಆರಿಸುವುದು ಹೇಗೆ?

ದಾವಣಗೆರೆ ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗಮ್‌ಬೂಟು ಕೇಳಿ ನೋಡಿ. “ಎಷ್ಟನೇ ನಂಬರ್ರೀ ಯಜಮಾನ್ರೆ?” ಅನ್ನುವುದೊಂದೇ ಪ್ರಶ್ನೆ. ಎಂಟು ಅಂದರೆ ಎಂಟು, ಒಂಬತ್ತು ಅಂದರೆ ಒಂಬತ್ತು. ಐದು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಹೀಗೆ ಮನೆಗೆ ಬಂದ ಎಷ್ಟೋ ಜೊತೆ ಬೂಟು ಒಂದು ತಿಂಗಳೊಳಗೆ ಮೋಟರ್ ಮನೆಯ ಮೂಲೆ ಸೇರುತ್ತವೆ. ಯಾಕೆ ಹಾಕೋದಿಲ್ಲ ಅಂತ ಕೇಳಿದರೆ, “ಕಾಲು ಬೇಯುತ್ತೆ”, “ಭಾರ”, “ಕೂತರೆ ಮಂಡಿ ಹಿಂದೆ ಕೊರೆಯುತ್ತೆ” ಅನ್ನುತ್ತಾರೆ. ಮೂರೂ ನಿಜ. ಆದರೆ ಮೂರನ್ನೂ ಅಂಗಡಿಯಲ್ಲೇ ತಪ್ಪಿಸಬಹುದು.

ಈ ವಿಷಯದಲ್ಲಿ ಹುಡುಕಿದರೆ ಸಿಗುವ ಸಲಹೆ ಹೆಚ್ಚಾಗಿ ಇಂಗ್ಲೆಂಡಿನ ಕುದುರೆ ಲಾಯದವರದ್ದು. ಒಳಗೆ ತುಪ್ಪಳ, ಹೊರಗೆ ಚರ್ಮ, ಮಧ್ಯೆ ನೀರು ತಡೆಯುವ ಪದರ. ಹಿಮ ಬೀಳುವ ಊರಿಗೆ ಅದು ಸರಿ. ನಮ್ಮಲ್ಲಿ ಬೂಟು ಒದ್ದೆಯಾಗುವುದು ಜಾಸ್ತಿ ಒಳಗಿನಿಂದ, ಬೆವರಿಗೆ. ನೀರನ್ನು ಒಳಗೆ ಬಿಡದ ರಬ್ಬರು ಬೆವರನ್ನೂ ಹೊರಗೆ ಬಿಡುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಸರಳ: ಸಂಜೆ ತೊಳೆದರೆ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಒಣಗಿರುವ ಬೂಟೇ ನಮಗೆ ಒಳ್ಳೆಯ ಬೂಟು. ಮಿಕ್ಕಿದ್ದೆಲ್ಲ ಆಮೇಲೆ.

ಮೊದಲು ನೆಲ ನೋಡಿ

ನಮ್ಮ ಎರಡು ಜಿಲ್ಲೆಗಳಲ್ಲಿ ಸ್ವಲ್ಪ ದೂರ ಹೋದರೆ ಸಾಕು, ನೆಲ ಬದಲಾಗುತ್ತದೆ. ಭದ್ರಾ ನಾಲೆಯ ನೀರು ಬರುವ ದಾವಣಗೆರೆ, ಹರಿಹರ, ಹೊನ್ನಾಳಿ ಕಡೆ ಭತ್ತದ ಗದ್ದೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ. ಜಗಳೂರಿನಲ್ಲಿ ಮೆಕ್ಕೆಜೋಳ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ಶೇಂಗಾ, ಕಲ್ಲು, ಜಾಲಿ ಮುಳ್ಳು. ಒಂದೇ ಬೂಟು ಇಷ್ಟಕ್ಕೂ ಆಗುವುದಿಲ್ಲ.

ಎರೆ ಹೊಲದವರು ಸೋಲಿನ, ಅಂದರೆ ಬೂಟಿನ ಅಡಿಭಾಗದ, ಹಲ್ಲು ನೋಡಿ. ಮಳೆ ಬಿದ್ದ ಎರೆ ಮಣ್ಣು ಹೇಗೆ ಅಂಟುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಲ್ಲುಗಳು ಒತ್ತೊತ್ತಾಗಿ, ಆಳವಾಗಿ ಇದ್ದರೆ ಹತ್ತು ಹೆಜ್ಜೆಗೆ ಮಣ್ಣು ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಹಲ್ಲು ಇದ್ದೂ ಇಲ್ಲದಂತೆ. ನೀವು ಜಾರುತ್ತೀರಿ, ಭಾರವನ್ನೂ ಹೊರುತ್ತೀರಿ. ಹಲ್ಲುಗಳ ನಡುವೆ ಬೆರಳು ತೂರುವಷ್ಟು ಜಾಗ ಇರಲಿ, ಸಂದಿಯ ಗೋಡೆ ಓರೆಯಾಗಿರಲಿ. ಅಂಥ ಸೋಲನ್ನು ಕಲ್ಲಿಗೆ ಒಮ್ಮೆ ಬಡಿದರೆ ಮಣ್ಣು ಕಳಚಿ ಬೀಳುತ್ತದೆ.

ಕೆಂಪು ಮಣ್ಣಿನ ಮರಡಿ, ಜಾಲಿ ಪೊದೆ ಇರುವ ಕಡೆ ಹಲ್ಲಿಗಿಂತ ಸೋಲಿನ ದಪ್ಪ ಮುಖ್ಯ. ಬಳ್ಳಾರಿ ಜಾಲಿಯ ಒಣ ಮುಳ್ಳು ಅಗ್ಗದ ಗಮ್‌ಬೂಟಿನ ಸೋಲನ್ನು ಸಲೀಸಾಗಿ ತೂರಿ ಬರುತ್ತದೆ. ಇಂಥಲ್ಲಿ ಒಳಗೆ ಸ್ಟೀಲ್ ತಗಡು ಕೂರಿಸಿದ ಬೂಟನ್ನೇ ತೆಗೆದುಕೊಳ್ಳಿ. ಅದರ ಗುರುತು ಹೇಗೆ ಅಂತ ಮುಂದೆ ಹೇಳುತ್ತೇನೆ.

ಗದ್ದೆಯವರಿಗೆ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಕೆಸರು ಕಲಸಿದ ಗದ್ದೆಯಲ್ಲಿ ನಾಟಿ ಮಾಡಲು ಗಮ್‌ಬೂಟು ಬೇಡ. ಬೂಟು ಕೆಸರಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಬದುವಿನ ಮೇಲೆ ಓಡಾಡಲು, ನೀರು ಕಟ್ಟಲು, ಔಷಧಿ ಹೊಡೆಯಲು, ಕೊಯ್ಲಿಗೆ ಬೂಟು ಹಾಕಿ. ಗದ್ದೆ ನೀರಿನಲ್ಲಿ ಇಲಿ ಮೂತ್ರದಿಂದ ಬರುವ ಇಲಿ ಜ್ವರದ ಭಯ ಇದ್ದೇ ಇದೆ. ಕಾಲಲ್ಲಿ ಗಾಯವಿದ್ದರೆ, ಅಥವಾ ಬಹಳ ಹೊತ್ತು ನೀರಲ್ಲಿ ನಿಂತು ಚರ್ಮ ಮೆತ್ತಗಾಗಿದ್ದರೆ, ರೋಗಾಣು ಒಳಗೆ ಇಳಿಯಲು ಅಷ್ಟೇ ಸಾಕು.

ಕೊಟ್ಟಿಗೆಯ ನೆಲ ಎಲ್ಲಕ್ಕಿಂತ ಕಷ್ಟದ್ದು. ಒದ್ದೆ ಸಿಮೆಂಟು, ಮೇಲೆ ಸಗಣಿ, ಗಂಜಲ. ಇಲ್ಲಿ ಮಣ್ಣಿನ ಹಲ್ಲು ಕೆಲಸಕ್ಕೆ ಬರುವುದಿಲ್ಲ. ಸೋಲು ಮೆತ್ತಗಿರಬೇಕು, ನೆಲಕ್ಕೆ ಚಪ್ಪಟೆಯಾಗಿ ಕೂರಬೇಕು, ನೀರು ಪಕ್ಕಕ್ಕೆ ಹರಿದುಹೋಗುವಂತೆ ಸಣ್ಣ ಗೀರುಗಳಿರಬೇಕು. ಹೆಬ್ಬೆರಳಿನ ಉಗುರಿನಿಂದ ಸೋಲು ಒತ್ತಿ ನೋಡಿ. ಸ್ವಲ್ಪ ಒಳಗೆ ಹೋಗಿ ವಾಪಸ್ ಬಂದರೆ ಸರಿ. ಪ್ಲಾಸ್ಟಿಕ್ ಬಕೆಟ್ಟಿನ ತಳದಂತೆ ಗಟ್ಟಿಯಾಗಿದ್ದರೆ ಅದನ್ನು ಅಲ್ಲೇ ಇಡಿ.

ಯಾರ ಕಾಲಿಗೆ?

ಕೊಟ್ಟಿಗೆ ಕೆಲಸ ಬಹಳ ಮನೆಗಳಲ್ಲಿ ಹೆಂಗಸರದ್ದು. ದಿನಕ್ಕೆ ಎರಡು ಸಲ ಸಗಣಿ ಬಾಚುವವರು ಅವರು. ಬೂಟು ಬರುವುದು ಮಾತ್ರ ಯಜಮಾನರ ಅಳತೆಗೆ. ಮನೆಗೆ ಒಂದೇ ಜೊತೆ ತರುವ ದುಡ್ಡಿದ್ದರೆ ಅದು ಕೊಟ್ಟಿಗೆಯಲ್ಲಿ ಕೆಲಸ ಮಾಡುವವರ ಕಾಲಿಗೇ ಬರಲಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ತೊಂದರೆ ಅಂದರೆ ಹೆಂಗಸರ ಅಳತೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. “ಅಕ್ಕಾ, ಆರರ ಕೆಳಗೆ ಇಲ್ಲ, ಇದಕ್ಕೇ ಸಾಕ್ಸ್ ಹಾಕ್ಕೊಳ್ರಿ” ಅನ್ನುತ್ತಾರೆ. ಒಪ್ಪಬೇಡಿ. ನಂಬರಿಗೆ ನಂಬರಿಗೆ ಇರುವ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಎರಡು ನಂಬರ್ ದೊಡ್ಡದಾದರೆ ಹತ್ತಿರ ಹತ್ತಿರ ಮುಕ್ಕಾಲು ಇಂಚು ಸಡಿಲ. ಒದ್ದೆ ಸಿಮೆಂಟಿನ ಮೇಲೆ, ಕೈಯಲ್ಲಿ ಹಾಲಿನ ಕ್ಯಾನು ಹಿಡಿದು, ಅಂಥ ಬೂಟಲ್ಲಿ ನಡೆದರೆ ಬೀಳುವುದೇ. ನಾಲ್ಕು, ಐದನೇ ನಂಬರ್ ತರಿಸಿಕೊಡಲು ಹೇಳಿ, ಇಲ್ಲವೇ ಆನ್‌ಲೈನಿನಲ್ಲಿ ಹೆಂಗಸರ ಅಳತೆ ಅಂತಲೇ ಇರುವುದನ್ನು ಹುಡುಕಿ.

ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಅವರ ಬೂಟು ಬೇರೆಯೇ ಇರಲಿ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಒಳಗೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡು ಇಡೀ ಹೊತ್ತು ಉಜ್ಜಿದರೂ ಗೊತ್ತಾಗುವುದಿಲ್ಲ. ಹಾಕುವ ಮುಂಚೆ ಬೂಟನ್ನು ಕೊಡವಿ, ತೆಗೆದ ಮೇಲೆ ಪಾದ ನೋಡಿಕೊಳ್ಳಬೇಕು.

ಇನ್ನು ಹಿರಿಯರ ಮಾತು. “ಬಸವಣ್ಣ ಇರೋ ಜಾಗಕ್ಕೆ ಮೆಟ್ಟು ಹಾಕ್ಕೊಂಡು ಹೋಗ್ತೀಯಾ?” ಅಂತ ಅಜ್ಜಿ ಕೇಳಿದರೆ ವಾದ ಮಾಡಬೇಡಿ. ಬೀದಿಗೆ ಹೋಗದ, ಕೊಟ್ಟಿಗೆಗೆ ಮಾತ್ರ ಅಂತ ಒಂದು ಜೊತೆ ಬಾಗಿಲ ಬಳಿ ಇಡಿ. ಹೊರಗಿನ ಹೊಲಸು ಒಳಗೆ ಬರುವುದಿಲ್ಲ ಅಂತ ಹೇಳಿದರೆ ಅವರೂ ಒಪ್ಪುತ್ತಾರೆ. ಕಣದಲ್ಲಿ, ದೀಪಾವಳಿ ಗೋಪೂಜೆ ದಿನ ಬಿಚ್ಚಿಡಿ, ಅಷ್ಟೇ. ಬೇರೆ ಜೊತೆ ಇಡುವುದು ರೋಗ ತಡೆಯಲೂ ಒಳ್ಳೆಯದು. ಕಾಲುಬಾಯಿ ರೋಗ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಮನುಷ್ಯರ ಕಾಲಿನ ಮೂಲಕವೂ ಹೋಗುತ್ತದೆ. ಊರಲ್ಲಿ ಆ ರೋಗ ಕಂಡಾಗ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಬಾಗಿಲಲ್ಲಿ ಒಂದು ಟ್ರೇ ಇಡಿ. ಮೊದಲು ಸಗಣಿ ತೊಳೆದು, ಆಮೇಲೆ ಆ ನೀರಲ್ಲಿ ಬೂಟು ಅದ್ದಬೇಕು. ಸಗಣಿ ಮೆತ್ತಿಕೊಂಡೇ ಅದ್ದಿದರೆ ಪ್ರಯೋಜನ ಇಲ್ಲ.

ಎತ್ತರ ಎಷ್ಟು?

ಎತ್ತರದ ಬೂಟೇ ಒಳ್ಳೆಯದು ಅಂತ ಅನಿಸುತ್ತದೆ, ಅಲ್ವಾ? ಕೂತು ನೋಡಿದರೆ ಗೊತ್ತಾಗುತ್ತದೆ. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವವರಿಗೆ, ಕಳೆ ತೆಗೆಯುವವರಿಗೆ 14–15 ಇಂಚಿನ ಬೂಟು ಮಂಡಿಯ ಹಿಂದೆ ಕೊರೆಯುತ್ತದೆ. ಅವರಿಗೆ 11–12 ಇಂಚು, ಅಂದರೆ ಮೀನಖಂಡದ ಮಧ್ಯದವರೆಗೆ ಬಂದರೆ ಸಾಕು. ನಿಂತು ಮಾಡುವ ಕೆಲಸಕ್ಕೆ, ರಾತ್ರಿ ತೋಟಕ್ಕೆ ಹೋಗುವವರಿಗೆ, ನಾಲೆಯ ನೀರಿಗೆ ಇಳಿಯುವವರಿಗೆ ಎತ್ತರದ್ದು. ವಿದೇಶಿ ಕಂಪನಿಗಳ ಬೂಟು ಕೆಲವಕ್ಕೆ ಮೇಲೆ ಬೆಲ್ಟು ಇರುತ್ತದೆ. ಮೀನಖಂಡ ಸಣ್ಣ ಇರುವವರಿಗೆ ಅದು ಅನುಕೂಲ, ಮಿಕ್ಕವರಿಗೆ ಕೆಸರು ಕೂರುವ ಜಾಗ.

ರಬ್ಬರೋ, ಪಿವಿಸಿಯೋ, ಚರ್ಮವೋ?

ನಮ್ಮ ಅಂಗಡಿಗಳಲ್ಲಿ ಗಮ್‌ಬೂಟು ಅಂತ ಸಿಗುವುದು ಬಹುಪಾಲು ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದು. ಅಚ್ಚಿನಲ್ಲಿ ಒಂದೇ ತುಂಡಾಗಿ ತೆಗೆದದ್ದು. ಹೊಲಿಗೆ ಇಲ್ಲ, ಸೋರುವ ಜಾಗ ಇಲ್ಲ, ಬೆಲೆ ಕಡಿಮೆ, ಗಂಜಲಕ್ಕೆ ಜಗ್ಗುವುದಿಲ್ಲ. ಕೊಟ್ಟಿಗೆಗೆ ಇದೇ ಸಾಕು. ಇದರ ಶತ್ರು ಬಿಸಿಲು. ಬಿಸಿಲಿಗೆ ಬಿಟ್ಟ ಪಿವಿಸಿ ಗಟ್ಟಿಯಾಗಿ, ಬೆರಳು ಮಡಚುವ ಜಾಗದಲ್ಲಿ ಅಡ್ಡ ಸೀಳುತ್ತದೆ. ಟ್ರ್ಯಾಕ್ಟರ್, ಟಿಲ್ಲರ್ ಕೆಲಸ ಇರುವವರು ನೈಟ್ರೈಲ್ ಅನ್ನುವ ಕೃತಕ ರಬ್ಬರು ಬೆರೆಸಿದ ಪಿವಿಸಿ ಕೇಳಿ. ಡೀಸೆಲ್, ಆಯಿಲ್ ಬಿದ್ದರೂ ಅದು ತಾಳುತ್ತದೆ.

ನೈಸರ್ಗಿಕ ರಬ್ಬರಿನ ಬೂಟು ಮೆತ್ತಗೆ, ನಡೆಯಲು ಹಿತ, ಒದ್ದೆ ನೆಲದ ಮೇಲೆ ಹಿಡಿತ ಜಾಸ್ತಿ. ದಿನವಿಡೀ ತೋಟದಲ್ಲಿ ನಡೆಯುವವರು ಸ್ವಲ್ಪ ಹೆಚ್ಚು ಕೊಟ್ಟು ಇದನ್ನೇ ತೆಗೆದುಕೊಳ್ಳಬಹುದು. ಆದರೆ ಎಣ್ಣೆ ಇದಕ್ಕೆ ಆಗದು. ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ರಬ್ಬರು ಎಣ್ಣೆ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಹೊಸ ರಬ್ಬರ್ ಬೂಟಿನ ಮೇಲೆ ಬಿಳಿ ಪುಡಿಯಂತೆ ಕಂಡರೆ ಗಾಬರಿ ಬೇಡ. ಒಳಗಿನ ಅಂಶಗಳು ಮೇಲೆ ಬರುವುದು ಅದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಗಮ್‌ಬೂಟಿಗೆ ಇಂಗ್ಲೆಂಡಿನಲ್ಲಿ ವೆಲ್ಲಿಂಗ್ಟನ್ ಬೂಟು ಅಂತ ಹೆಸರು. ಆ ವೆಲ್ಲಿಂಗ್ಟನ್ ನಮ್ಮ ಸೀಮೆಗೆ ಹೊಸಬನೇನಲ್ಲ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯೇ ಅವನು. 1800ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಚನ್ನಗಿರಿಯ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಹರಿಹರದ ಬಳಿಯೇ ತುಂಗಭದ್ರೆ ದಾಟಿದ್ದ. ಆಗ ಅವನ ಕಾಲಲ್ಲಿದ್ದದ್ದು ಚರ್ಮದ ಬೂಟೇ. ರಬ್ಬರಿನದು ಬಂದದ್ದು 1850ರ ದಶಕದಲ್ಲಿ, ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಕಂಡುಕೊಂಡ ಮೇಲೆ.

ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ಬೂಟು ಹಗುರ, ಬೆಚ್ಚಗೆ, ದುಬಾರಿ. ಒಂದು ಎಚ್ಚರಿಕೆ: ಪಿಯು ಸೋಲು ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ಡಿಸ್ಕೌಂಟಿನಲ್ಲಿ ಸಿಕ್ಕಿತು ಅಂತ ಹಳೆ ಸ್ಟಾಕ್ ತರಬೇಡಿ. ಅಚ್ಚಿನ ಬೂಟುಗಳ ಅಡಿಯಲ್ಲಿ ಸಾಮಾನ್ಯವಾಗಿ ಗಡಿಯಾರದಂಥ ಸಣ್ಣ ಚಕ್ರ ಇರುತ್ತದೆ. ಸುತ್ತ ತಿಂಗಳು, ನಡುವೆ ವರ್ಷ, ಒಂದು ಬಾಣ. ತಯಾರಾದ ತಿಂಗಳು ಅದೇ.

ನಿಯೋಪ್ರೀನ್ ಅನ್ನುವ ಕೃತಕ ರಬ್ಬರಿನ ಬೂಟು ನಮಗೆ ಬೇಡವೇ ಬೇಡ. ಹಿಮದ ನೀರಲ್ಲಿ ಕಾಲು ಬೆಚ್ಚಗಿಡಲು ಮಾಡಿದ್ದು ಅದು. ಚಳ್ಳಕೆರೆಯ ಬಿಸಿಲಲ್ಲಿ ಹಾಕಿದರೆ ಕಾಲು ಇಡ್ಲಿಯಂತೆ ಬೇಯುತ್ತದೆ.

ಚರ್ಮದ ಬೂಟು ಒಣ ಹೊಲಕ್ಕೆ, ಬೈಕಿಗೆ, ಕುದುರೆಗೆ ಚೆನ್ನ. ಕಾಲಿಗೆ ಉಸಿರಾಡಲು ಬಿಡುತ್ತದೆ, ಹಾಕಿದಷ್ಟೂ ಹೊಂದಿಕೊಳ್ಳುತ್ತದೆ. ಆದರೆ ಗಂಜಲ ಚರ್ಮವನ್ನೂ ಹೊಲಿಗೆಯನ್ನೂ ತಿನ್ನುತ್ತದೆ. ಒಳಗೆ ನೀರು ತಡೆಯುವ ಪದರ ಇರುವ ದುಬಾರಿ ಬೂಟು ಕೂಡ ಕೆಸರು ಮೆತ್ತಿಕೊಂಡಾಗ ಬೆವರನ್ನು ಹೊರಗೆ ಬಿಡುವುದಿಲ್ಲ. ಅಷ್ಟು ದುಡ್ಡು ಕೊಟ್ಟದ್ದು ಆ ಗುಣಕ್ಕೇ ಅಲ್ವಾ? ಔಷಧಿ ಹೊಡೆಯುವಾಗಲಂತೂ ಚರ್ಮದ ಬೂಟು ಬೇಡ. ಚರ್ಮ ವಿಷವನ್ನು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಬೆಚ್ಚಗಿರಬೇಕು, ಆದರೆ ಎಷ್ಟು?

ಡಿಸೆಂಬರ್, ಜನವರಿಯ ಬೆಳಗಿನ ಜಾವ ದುರ್ಗದ ಕಡೆ ಹದಿನೈದು ಡಿಗ್ರಿ ಆಸುಪಾಸು ಇರುತ್ತದೆ. ಅದು ದೊಡ್ಡ ಚಳಿಯೇನಲ್ಲ. ಕಾಲು ಕೊರೆಯುವುದು ಗಾಳಿಯಿಂದಲ್ಲ, ತೊಳೆದ ಸಿಮೆಂಟು ನೆಲದಿಂದ. ಚಳಿ ಸೋಲಿನ ಮೂಲಕ ಮೇಲೆ ಹತ್ತುತ್ತದೆ. ಹಾಗಾಗಿ ಬೂಟಿಗೆ ತುಪ್ಪಳದ ಅಸ್ತರಿ ಬೇಡ, ಪಾದದ ಅಡಿಗೆ ಒಂದು ಪದರ ಬೇಕು.

ಅದಕ್ಕೆ ನಮ್ಮಲ್ಲೇ ಇರುವ ಕಂಬಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಹಳೆ ಕಂಬಳಿ ಮನೆಯಲ್ಲಿದ್ದರೆ ತೆಗೆಯಿರಿ. ಬೂಟಿನೊಳಗಿನ ಅಟ್ಟೆಯನ್ನು ಹೊರಗೆಳೆದು ಕಂಬಳಿಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆಗಿಂತ ಒಂದು ಎಳೆ ಒಳಗೆ ಕತ್ತರಿಸಿ, ಎರಡು ಪದರ ಇಟ್ಟು, ಅಂಚಿನುದ್ದಕ್ಕೂ ದಪ್ಪ ದಾರದಲ್ಲಿ ಹೊಲಿಯಿರಿ. ಇಲ್ಲದಿದ್ದರೆ ಅಂಚು ಬಿಚ್ಚಿ ಬೆರಳ ಕೆಳಗೆ ಉಂಡೆ ಕಟ್ಟುತ್ತದೆ. ಉಣ್ಣೆ ಬೆವರು ಹೀರಿದ ಮೇಲೂ ಬೆಚ್ಚಗೇ ಇರುತ್ತದೆ. ಎರಡು ಜೊತೆ ಮಾಡಿಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು. ಇದಕ್ಕೆ ಜಾಗ ಬೇಕಾಗುತ್ತದೆ. ಅಂಗಡಿಗೆ ಹೋಗುವಾಗ ಈ ಅಟ್ಟೆಯನ್ನು ಜೇಬಲ್ಲಿಟ್ಟುಕೊಂಡು ಹೋಗಿ, ಒಳಗೆ ಹಾಕಿಯೇ ಅಳತೆ ನೋಡಿ. ಮೊದಲ ಜೊತೆಯಾದರೆ ಹಳೆ ಚಪ್ಪಲಿಯ ಅಳತೆಗೆ ಕತ್ತರಿಸಿಕೊಂಡರೂ ನಡೆಯುತ್ತದೆ.

ಬಿಗಿಯಾದ ಬೂಟಿಗೆ ದಪ್ಪ ಸಾಕ್ಸ್ ತುರುಕಿದರೆ ಕಾಲು ಇನ್ನೂ ತಣ್ಣಗಾಗುತ್ತದೆ. ಒಳಗೆ ಗಾಳಿ ನಿಲ್ಲುವುದಿಲ್ಲ, ರಕ್ತದ ಓಡಾಟವೂ ಕಡಿಮೆಯಾಗುತ್ತದೆ. ಬೆರಳು ಅಲ್ಲಾಡಿಸುವಷ್ಟು ಜಾಗ ಇದ್ದರೆ ತೆಳ್ಳನೆ ಸಾಕ್ಸೇ ಸಾಕು. ಸಾಕ್ಸ್ ಬೂಟಿಗಿಂತ ಉದ್ದ ಇರಲಿ. ಗಿಡ್ಡ ಸಾಕ್ಸ್ ಹತ್ತು ನಿಮಿಷದಲ್ಲಿ ಹಿಮ್ಮಡಿಯಿಂದ ಜಾರಿ ಪಾದದಡಿ ಸೇರುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ್ದು

ಸಂಜೆ ಹೋಗಿ. ದಿನವಿಡೀ ನಿಂತ ಕಾಲು ಬೆಳಗಿಗಿಂತ ಸ್ವಲ್ಪ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ ನೋಡಿ, ದೊಡ್ಡ ಕಾಲಿನ ಅಳತೆಗೆ ತೆಗೆದುಕೊಳ್ಳಿ. ಪಾದವನ್ನು ಮುಂದೆ ತಳ್ಳಿ ನಿಂತಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ನಡೆಯುವಾಗ ಹಿಮ್ಮಡಿ ಒಂದು ಸೆಂಟಿಮೀಟರಿನಷ್ಟು ಏಳುವುದು ಗಮ್‌ಬೂಟಿಗೆ ಸಹಜ, ಅದಕ್ಕಿಂತ ಜಾಸ್ತಿ ಬೇಡ. ಮೇಲ್ಭಾಗದಲ್ಲಿ ಮೀನಖಂಡದ ಪಕ್ಕ ಎರಡು ಬೆರಳು ಸಡಿಲವಾಗಿ ಇಳಿಯಬೇಕು.

ಆಮೇಲೆ ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂರಿ. ನಾಚಿಕೆ ಬೇಡ. ಬೂಟಿನ ಅಂಚು ಮಂಡಿಯ ಹಿಂದೆ ತಾಗುತ್ತದಾ, ಬೆರಳ ಬುಡದಲ್ಲಿ ಮಡಿಕೆ ಒತ್ತುತ್ತದಾ ನೋಡಿ. ಎರಡು ನಿಮಿಷ ಹಾಗೇ ಇರಿ. ಈಗ ಒತ್ತುವ ಜಾಗ ಮುಂದೆ ಗಾಯವಾಗುವ ಜಾಗ. ಕೊನೆಗೆ ಒಂದು ಕಾಲಿನ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ, ಕೈ ಹಾಕದೆ ಬಿಚ್ಚಲು ಬರುತ್ತದಾ ನೋಡಿ. ಸಗಣಿ ಮೆತ್ತಿದ ಬೂಟನ್ನು ಕೈಯಲ್ಲಿ ಎಳೆಯುವ ಕಷ್ಟ ತಪ್ಪುತ್ತದೆ.

ಈಗ ಗುರುತುಗಳು. ಐಎಸ್ಐ ಮುದ್ರೆಯ ಜೊತೆ ಒಂದು ಸಂಖ್ಯೆ ಇರುತ್ತದೆ. ಐಎಸ್ 12254 ಅಂದರೆ ಪಿವಿಸಿ ಬೂಟು, ಐಎಸ್ 5557 ಅಂದರೆ ರಬ್ಬರ್ ಬೂಟು, ಐಎಸ್ 15298 ಅಂದರೆ ಸುರಕ್ಷತೆಯ ಪಾದರಕ್ಷೆ. ಎಸ್4 ಅಂತ ಇದ್ದರೆ ಬೆರಳಿನ ಮೇಲೆ ರಕ್ಷಣೆಯ ಕವಚ ಇದೆ. ಎಸ್5 ಅಂದರೆ ಕವಚವೂ ಇದೆ, ಮೊಳೆ ಮುಳ್ಳು ತೂರದ ಪದರವೂ ಇದೆ. ಜಾಲಿ ಮುಳ್ಳಿನ ಹೊಲದವರಿಗೆ ಬೇಕಾದ್ದು ಎಸ್5. ಬೆರಳ ಕವಚವನ್ನು 200 ಜೂಲ್ ಪೆಟ್ಟಿಗೆ ಪರೀಕ್ಷೆ ಮಾಡಿರುತ್ತಾರೆ. ಒಂದು ಮೀಟರ್ ಎತ್ತರದಿಂದ 20 ಕೆ.ಜಿ. ತೂಕ ಬಿದ್ದಷ್ಟು ಅದು. ಎಚ್‌ಎಫ್ ಹಸು ಕಾಲು ತುಳಿದ ಅನುಭವ ಇರುವವರಿಗೆ ಇದರ ಬೆಲೆ ಗೊತ್ತು. ಕವಚ ಇದ್ದ ಬೂಟು ಭಾರ, ಚಳಿಯಲ್ಲಿ ಬೆರಳು ಸ್ವಲ್ಪ ತಣ್ಣಗಾಗುತ್ತದೆ. ಆಕಳು, ಎಮ್ಮೆ ಹತ್ತಿರ ಹೋಗದವರಿಗೆ ಅದು ಸುಮ್ನೆ ಹೊರೆ.

ಬೈಕ್ ಓಡಿಸುವವರಿಗೆ, ಕುದುರೆ ಏರುವವರಿಗೆ

ಮನೆಯಿಂದ ತೋಟಕ್ಕೆ ನಾಲ್ಕೈದು ಕಿಲೋಮೀಟರ್ ಬೈಕಿನಲ್ಲಿ ಹೋಗುವವರು ಹೆಚ್ಚು. ಎಕ್ಸ್‌ಎಲ್ ಮೊಪೆಡ್ಡಿಗೆ ಗೇರಿಲ್ಲ, ಯಾವ ಬೂಟಾದರೂ ನಡೆಯುತ್ತದೆ. ಗೇರ್ ಬೈಕಿನಲ್ಲಿ ಕಷ್ಟ ಶುರು. ದಪ್ಪ ಮೂತಿಯ ಬೂಟು ಗೇರ್ ಪೆಡಲಿನ ಅಡಿಗೆ ಹೋಗುವುದಿಲ್ಲ. ಹಿಮ್ಮಡಿಯಿಂದಲೂ ಒತ್ತುವ ಎರಡು ಕಡೆಯ ಪೆಡಲ್ ಇದ್ದರೆ ಬಚಾವ್. ಬಲಗಾಲಿನ ದಪ್ಪ ಸೋಲಿಗೆ ಬ್ರೇಕ್ ಎಷ್ಟು ಒತ್ತಿದೆ ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ. ಹೊಸ ಬೂಟು ಹಾಕಿ ಮೊದಲು ಖಾಲಿ ಜಾಗದಲ್ಲಿ ನಾಲ್ಕು ಸುತ್ತು ಹೊಡೆಯಿರಿ, ಆಮೇಲೆ ಹೈವೇ.

ಸೈಲೆನ್ಸರಿಗೆ ತಾಗಿದರೆ ಪಿವಿಸಿ ಕರಗಿ ಅಂಟುತ್ತದೆ. ಕೆಸರು ಮೆತ್ತಿದ ಸೋಲು ಫುಟ್‌ರೆಸ್ಟಿನ ಮೇಲೆ, ಕಿಕ್ಕರ್ ಮೇಲೆ ಜಾರುತ್ತದೆ. ಕಿಕ್ಕರ್ ವಾಪಸ್ ಹೊಡೆಯುವ ಜಾಗ ಮೊಣಕಾಲಿನ ಕೆಳಗಿನ ಮೂಳೆ. ಹತ್ತುವ ಮುಂಚೆ ಕಲ್ಲಿಗೆ ಬಡಿದು ಮಣ್ಣು ಬೀಳಿಸಿ. ನನ್ನ ಅಭಿಪ್ರಾಯ ಕೇಳಿದರೆ, ಬೈಕಿಗೆ ಕಾಲಿನ ಗಿಣ್ಣು ಮುಚ್ಚುವ ಚರ್ಮದ ಬೂಟು ಹಾಕಿ, ಗಮ್‌ಬೂಟನ್ನು ತೋಟದ ಮನೆಯಲ್ಲೇ ಗೂಟಕ್ಕೆ ತಲೆಕೆಳಗು ನೇತುಹಾಕಿ. ಗಮ್‌ಬೂಟು ಬಿದ್ದಾಗ ಗಿಣ್ಣನ್ನು ಕಾಯುವುದಿಲ್ಲ.

ಕುದುರೆ ಏರುವವರು ನಮ್ಮಲ್ಲಿ ಕಡಿಮೆ. ಇದ್ದರೆ ಗಮನಿಸಬೇಕಾದ್ದು ಮೂರೇ. ಹಿಮ್ಮಡಿ ಸುಮಾರು ಒಂದು ಇಂಚು ಎತ್ತರ ಇರಬೇಕು, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಯೊಳಗೆ, ಜಾರಿ ಸಿಕ್ಕಿಕೊಳ್ಳುತ್ತದೆ. ಬಿದ್ದಾಗ ಕುದುರೆ ಎಳೆದುಕೊಂಡು ಹೋಗುವುದು ಹೀಗೇ. ಸೋಲಿಗೆ ಆಳವಾದ ಹಲ್ಲು ಇರಬಾರದು. ರಿಕಾಪು ಬೂಟಿನ ಅಗಲಕ್ಕಿಂತ ಒಂದು ಇಂಚು ಅಗಲ ಇರಬೇಕು. ಕೊಟ್ಟಿಗೆಯ ಗಮ್‌ಬೂಟಿನಲ್ಲಿ ಕುದುರೆ ಏರಬೇಡಿ.

ಹಾವು, ಕರೆಂಟು, ಔಷಧಿ

ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ 2020ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತ್ತು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಹೊಲದಲ್ಲಿ ಕಚ್ಚುವುದು ಹೆಚ್ಚಾಗಿ ಪಾದ, ಗಿಣ್ಣು, ಮೀನಖಂಡಕ್ಕೆ. ರಾತ್ರಿ ತ್ರೀಫೇಸ್ ಕರೆಂಟು ಬಂತು ಅಂತ ಬರಿಗಾಲಲ್ಲಿ ಮೋಟರ್ ಹಾಕಲು ಓಡುವವರು, ಅಡಿಕೆ ಸೋಗೆಯ ರಾಶಿಗೆ ಕೈಕಾಲು ಹಾಕುವವರು ಎತ್ತರದ ದಪ್ಪ ಬೂಟನ್ನೇ ಹಾಕಬೇಕು. ಬೂಟಿಗೂ ಕಾಲಿಗೂ ನಡುವೆ ಸ್ವಲ್ಪ ಸಡಿಲ ಇದ್ದರೆ ಇನ್ನೂ ಒಳ್ಳೆಯದು. ಆದರೂ ಕೊಳಕು ಮಂಡಲದ ಹಲ್ಲು ಉದ್ದ, ತೆಳ್ಳನೆ ಪಿವಿಸಿಯನ್ನು ನಂಬಿ ಎದೆ ಮುಂದೆ ಮಾಡಿ ಹೋಗಬೇಡಿ. ಟಾರ್ಚ್ ಇರಲಿ.

ಒಂದು ವೇಳೆ ಕಚ್ಚಿದರೆ ಕಾಲು ಊದುವ ಮುಂಚೆ ಬೂಟು, ಕಾಲುಂಗುರ, ಕಾಲುಗೆಜ್ಜೆ ತೆಗೆಯಿರಿ. ಬಾರದಿದ್ದರೆ ಬೂಟನ್ನೇ ಕತ್ತರಿಸಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ಹಾವಿನ ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ನೇರ ಹೋಗಿ.

ಬೆಳಿಗ್ಗೆ ಬೂಟು ಹಾಕುವ ಮುಂಚೆ ತಲೆಕೆಳಗು ಮಾಡಿ ಹಿಮ್ಮಡಿಗೆ ಎರಡು ಏಟು ಕೊಡಿ. ಚೇಳು, ಜರಿ, ಕಪ್ಪೆ ಎಲ್ಲಕ್ಕೂ ಬೂಟಿನೊಳಗಿನ ಕತ್ತಲು ಇಷ್ಟ. ಕೈ ಹಾಕಿ ನೋಡಬೇಡಿ.

ಗಮ್‌ಬೂಟು ಹಾಕಿದ್ದೇನೆ, ಕರೆಂಟು ಹೊಡೆಯುವುದಿಲ್ಲ ಅನ್ನುವ ನಂಬಿಕೆ ಊರೂರಲ್ಲಿ ಇದೆ. ಅದನ್ನು ಬಿಟ್ಟುಬಿಡಿ. ವಿದ್ಯುತ್ ಕೆಲಸಕ್ಕೆ ಅಂತಲೇ ಪರೀಕ್ಷೆ ಮಾಡಿದ ಬೂಟು ಬೇರೆ. ಎಸ್4, ಎಸ್5 ಬೂಟುಗಳಂತೂ ಮೈಯ ಸ್ಥಾಯೀ ವಿದ್ಯುತ್ತು ನೆಲಕ್ಕೆ ಇಳಿಯುವಂತೆಯೇ ಮಾಡಿದವು. ಒದ್ದೆ ಕೈಯಲ್ಲಿ ಸ್ಟಾರ್ಟರ್ ಬಾಕ್ಸ್ ಮುಟ್ಟುವವರನ್ನು ಯಾವ ಗಮ್‌ಬೂಟೂ ಕಾಯುವುದಿಲ್ಲ.

ಔಷಧಿ ಹೊಡೆಯುವಾಗ ಪ್ಯಾಂಟನ್ನು ಬೂಟಿನ ಹೊರಗೆ ಬಿಡಿ. ಒಳಗೆ ಸಿಕ್ಕಿಸಿದರೆ ಬಟ್ಟೆಯ ಮೇಲೆ ಇಳಿದ ಔಷಧಿ ನೇರ ಬೂಟಿನೊಳಗೆ ಇಳಿದು, ಕೆಲಸ ಮುಗಿಯುವವರೆಗೂ ಕಾಲು ಅದರಲ್ಲೇ ನೆನೆಯುತ್ತದೆ. ಕೊಟ್ಟಿಗೆಯಲ್ಲಿ ಇದಕ್ಕೆ ತದ್ವಿರುದ್ಧ, ಪ್ಯಾಂಟು ಬೂಟಿನ ಒಳಗೆ. ಕೆಲಸ ಮುಗಿದ ಮೇಲೆ ಗ್ಲೌಸ್ ತೆಗೆಯುವ ಮುಂಚೆಯೇ ಬೂಟು ತೊಳೆಯಿರಿ.

ಮನೆಗೆ ತಂದ ಮೇಲೆ

ಬಿಲ್ ಬಿಸಾಡುವ ಮುಂಚೆ ಸೋರುತ್ತದಾ ನೋಡಿ. ಬೂಟಿನ ಬಾಯಿಯನ್ನು ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿದು, ನೀರಿನ ಬಾನಿಯಲ್ಲಿ ಅದುಮಿ. ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವುದು ಹೀಗೇ. ಗುಳ್ಳೆ ಬಂದ ಜಾಗ ಒರೆಸಿ, ಪೆನ್ನಲ್ಲಿ ಗುರುತು ಮಾಡಿ, ವಾಪಸ್ ಕೊಡಿ. ಗಟ್ಟಿ ಪಿವಿಸಿ ಸುತ್ತಲು ಬಾರದಿದ್ದರೆ ಒಳಗೆ ನೀರು ತುಂಬಿ ಪೇಪರಿನ ಮೇಲೆ ಅರ್ಧ ಗಂಟೆ ನಿಲ್ಲಿಸಿ.

ಆಮೇಲೆ ತೂತಾದರೆ? ರಬ್ಬರ್ ಬೂಟಿಗೆ ಸೈಕಲ್ ಟ್ಯೂಬಿನ ಪ್ಯಾಚು, ಸಲ್ಯೂಷನ್ ಹಿಡಿಯುತ್ತದೆ. ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸಲ್ಯೂಷನ್ ಒಣಗಿ ಅಂಟಂಟಾಗುವವರೆಗೆ ಕಾದು ಒತ್ತಿ. ಪಿವಿಸಿಗೆ ಅದೇ ಸಲ್ಯೂಷನ್ ಹಚ್ಚಿದರೆ ಎರಡು ದಿನಕ್ಕೆ ಕಿತ್ತು ಬರುತ್ತದೆ. ಅದಕ್ಕೆ ಮೆತ್ತನೆ ಪಿವಿಸಿಗೆ ಅಂತಲೇ ಸಿಗುವ ಅಂಟು ಬೇಕು. ಬೆರಳು ಮಡಚುವ ಜಾಗದಲ್ಲಿ ಸೀಳಿದ್ದರೆ ಯಾವುದಕ್ಕೂ ರಿಪೇರಿ ನಿಲ್ಲುವುದಿಲ್ಲ.

ಒಣಗಿಸುವುದೇ ದೊಡ್ಡ ಕೆಲಸ. ಒಳಗಿನ ಅಟ್ಟೆ ಹೊರಗೆ ತೆಗೆಯಿರಿ. ಹಳೆ ಪೇಪರ್ ಮುದುಡಿ ತುದಿಯವರೆಗೆ ತುರುಕಿ, ಒಂದು ಗಂಟೆ ಬಿಟ್ಟು ತೆಗೆದು, ಗೂಟಕ್ಕೆ ತಲೆಕೆಳಗು ಹಾಕಿ. ಬಾಯಿ ನೆಲಕ್ಕೆ ಮುಟ್ಟದಿರಲಿ, ಗಾಳಿ ಆಡಬೇಕು. ನೆರಳಲ್ಲಿ ಇಡಿ, ಒಲೆಯ ಹತ್ತಿರ ಬೇಡ. ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಆಗುವವರಿಗೆ ಎರಡು ಜೊತೆ ಬೂಟು ಇದ್ದು ದಿನ ಬಿಟ್ಟು ದಿನ ಹಾಕಿದರೆ ಔಷಧಿಯಷ್ಟೇ ಕೆಲಸ ಮಾಡುತ್ತದೆ. ಚರ್ಮದ ಬೂಟಿಗೆ ಮಾತ್ರ, ಅದೂ ಒಣಗಿದ ಮೇಲೆ, ತೆಳ್ಳಗೆ ಹರಳೆಣ್ಣೆ ಸವರಬಹುದು.

ಸೋಲಿನ ಹಲ್ಲು ಸವೆದು ಹಿಮ್ಮಡಿ ನುಣ್ಣಗಾದ ಬೂಟನ್ನು ಕೊಟ್ಟಿಗೆಗೆ ಹಾಕಬೇಡಿ, ಮೇಲೆ ಎಷ್ಟೇ ಗಟ್ಟಿ ಕಂಡರೂ. ಗಿಣ್ಣಿನ ಕೆಳಗೆ ಸುತ್ತಲೂ ಕತ್ತರಿಸಿದರೆ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುವಾಗ ಮೆಟ್ಟಲು ಒಂದು ಜೊತೆ ಚಪ್ಪಲಿ ಆಗುತ್ತದೆ. ಮೇಲಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿದರೆ ತೋಟದ ಗೇಟಿನ ಕೀಲಿಗೆ, ಎಳೆ ಗಿಡವನ್ನು ಗೂಟಕ್ಕೆ ಕಟ್ಟಲು ಬರುತ್ತದೆ.